ಕಂತಿನ ಸಾಮಾನೂ ಮನೆಯ ಲೆಕ್ಕವೂ

ಬೆಲೆ ಬಂದ ವರ್ಷ ಬೆಳೆಗಾರನ ಮನೆಯಲ್ಲಿ ಏನಾಯಿತೆಂದು ತಿಳಿಯಲು ಪೇಟೆ ಧಾರಣೆಯ ಪಟ್ಟಿ ನೋಡಿದರೆ ಸಾಲದು, ಸಂಘದ ಸಾಲದ ಪುಸ್ತಕವನ್ನೂ ನೋಡಬೇಕು. 2025ರ ಆರಂಭದಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ನಮ್ಮ ಸದಸ್ಯರಲ್ಲಿ ಕೆಲವರ ಹಳೆಯ ಬಾಕಿ ತೀರಿತು. ಇನ್ನು ಕೆಲವರು ಬೆಳೆಸಾಲವನ್ನು ನವೀಕರಿಸಿಕೊಂಡು, ಅದೇ ವಾರ ಹೊಸ ಕಾರಿನ ಕಂತಿಗೆ ಸಹಿ ಹಾಕಿ ಬಂದರು. ಕಾರು ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಮಳೆಗಾಲದಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಹೊತ್ತು ನಡೆದ ಕಾಲವನ್ನು ಕಂಡವರು ವಾಹನವನ್ನು ಹಳಿಯುವುದಿಲ್ಲ. ಆ ಸಹಿ ಹಾಕುವ ಮೊದಲು ಮನೆಯಲ್ಲಿ ಯಾರ ಜೊತೆ ಕೂತು ಮಾತಾಡಿದಿರಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಪ್ರಶ್ನೆ ಬಲವಾದದ್ದು ರಾಯಚೂರು ಸೀಮೆಯನ್ನು ನೋಡಿ ಬಂದ ಮೇಲೆ. ಕೊಯ್ಲಿನ ಕಾಲಕ್ಕೆ ಆ ಕಡೆಯಿಂದ ನಮ್ಮ ತೋಟಗಳಿಗೂ ಆಳುಗಳು ಬರುತ್ತಾರೆ. ಅವರ ಊರುಗಳನ್ನು ಒಮ್ಮೆ ನೋಡೋಣವೆಂದು ನಾವು ಕೆಲವರು ರಾಯಚೂರಿನಲ್ಲಿ ಇಳಿದು, ದೇವದುರ್ಗ, ಮಾನ್ವಿ ಸುತ್ತಿ ಬಂದೆವು. ಅಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ಆದರೆ ಹೊರಗಿನ ಪೇಟೆಯನ್ನು ನಂಬಿ ಬೆಳೆಯುವ ಬದುಕು ಮಾತ್ರ ನಮ್ಮದರಂತೆಯೇ.

ಕೃಷ್ಣಾ, ತುಂಗಭದ್ರೆಯರ ನಡುವಿನ ಆ ಎರೆಭೂಮಿಯಲ್ಲಿ ಹಿಂದೆ ಮುಖ್ಯವಾಗಿ ಬಿಳಿಜೋಳ. ರಾಶಿಯಾದ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿ ಬಾಯಿ ಮುಚ್ಚುತ್ತಿದ್ದರು. ಒಂದು ಮಳೆ ಹೋದರೂ ಮನೆ ನಡೆಯುತ್ತಿತ್ತು. ಹಗೇವು ತೆಗೆಯುವುದು ಒಬ್ಬರ ಇಚ್ಛೆಯ ಕೆಲಸವಲ್ಲ. ಎಷ್ಟು ತೆಗೆಯಬೇಕು, ಬೀಜಕ್ಕೆಷ್ಟು, ಊಟಕ್ಕೆಷ್ಟು, ಮದುವೆಗೆಷ್ಟು ಎಂದು ಹಿರಿಯರ ಎದುರು ಮಾತಾಗಿಯೇ ಮುಚ್ಚಳ ತೆರೆಯಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಮುಗಿದು, ಎಡದಂಡೆ ಕಾಲುವೆಯ ನೀರು ಮಾನ್ವಿಯ ಕಡೆಗೂ ಬಂತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು, ಭತ್ತ ಬಂತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದದ್ದು ಬಹಳ ತಡವಾಗಿ. ನೀರು ಕಾಣದ ಹಳ್ಳಿಗಳಿಂದ ಜನ ಈಗಲೂ ಬೆಂಗಳೂರು, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ನೀರು ಬಂದ ಕಡೆ ರೊಕ್ಕ ಬಂತು, ಮಕ್ಕಳು ಓದಿದರು. ಇದು ಸಣ್ಣ ಲಾಭವಲ್ಲ.

ಆದರೆ ಭತ್ತ ಕಣದಿಂದ ನೇರವಾಗಿ ಗಿರಣಿಗೆ ಹೋಗುತ್ತದೆ. ಹಗೇವಿನ ಜಾಗದಲ್ಲಿ ಬ್ಯಾಂಕಿನ ಪುಸ್ತಕ ಬಂದಿದೆ. ಪುಸ್ತಕ ತೆಗೆಯಲು ಯಾರನ್ನೂ ಕೇಳಬೇಕಿಲ್ಲ. ರಾಯಚೂರಿನ ಅಂಗಡಿಗಳ ಮುಂದೆ ಮುಂಗಡವಿಲ್ಲದೆ ಟೀವಿ, ಫ್ರಿಜ್, ಮೋಟಾರ್ ಸೈಕಲ್ ಕೊಡುತ್ತೇವೆಂಬ ಫಲಕಗಳನ್ನು ನೋಡಿದೆವು (ನಮ್ಮ ಪೇಟೆಗಳಲ್ಲಿ ಅವು ಇಲ್ಲವೆಂದಲ್ಲ). ಮಾನ್ವಿ ಕಡೆಯ ಒಂದು ಮನೆಯಲ್ಲಿ ಮಗನ ಮೋಟಾರ್ ಸೈಕಲ್ಲಿಗೆ ಒಂದು ಕಂತು, ಸೊಸೆಯ ಹೆಸರಿನಲ್ಲಿ ವಾರದ ಸಾಲ, ಯಜಮಾನನ ಹೆಸರಿನಲ್ಲಿ ಬಂಗಾರದ ಅಡವು, ಇಷ್ಟೂ ಇದ್ದವು. ಒಬ್ಬರದು ಇನ್ನೊಬ್ಬರಿಗೆ ಪೂರ್ತಿ ಗೊತ್ತಿರಲಿಲ್ಲ. ಒಲೆ ಒಂದೇ, ಲೆಕ್ಕ ಮೂರು.

ಹಳೆಯ ಪದ್ಧತಿಯೇ ಚೆನ್ನಾಗಿತ್ತೆಂದು ಹಾಡಿ ಹೊಗಳುವವರ ಸಾಲಿಗೆ ನಾವು ಸೇರುವುದಿಲ್ಲ. ಹಗೇವಿನ ಮಾತುಕತೆಯಲ್ಲಿ ಹೆಂಗಸರ ಮಾತು ಎಷ್ಟು ನಡೆಯುತ್ತಿತ್ತು? ಆ ಮನೆಯ ಸೊಸೆ ತನ್ನ ಸಾಲದಿಂದ ಕೊಂಡದ್ದು ಹೊಲಿಗೆ ಯಂತ್ರ, ಅದರಿಂದ ನಾಲ್ಕು ಕಾಸು ಬರುತ್ತಿದೆ. ಮೂವರ ಪೈಕಿ ಆಕೆಯ ಸಾಲವೇ ಹೆಚ್ಚು ವಿವೇಕದ್ದು ಎಂದು ನಮಗನ್ನಿಸಿತು. ಹಾಗಿದ್ದೂ ಆಕೆ ಅದನ್ನು ಮಾವನಿಗೆ ಹೇಳಲು ಹೆದರಿದ್ದಳು. ಹಳೆಯ ಮನೆಯ ದೋಷ ಉಳಿದು, ಅದರ ಆಸರೆ ಮಾತ್ರ ಹೋದಂತಾಗಿದೆ.

ಮಾನ್ವಿ ಕಾಲುವೆಯ ಕೊನೆಭಾಗದಲ್ಲಿದೆ. ಮೇಲಿನವರು ಬಿಟ್ಟ ನೀರು ಅಲ್ಲಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯಿಂದ ರಾಯಚೂರಿನವರೆಗೆ ರೈತರು ಬೆಳೆ ಕೈಗೆ ಬಂದೀತೇ ಎಂದು ಕಂಗಾಲಾದರು. ಬೆಳೆ ಹೀಗೆ ತೂಗುಯ್ಯಾಲೆಯಲ್ಲಿ ಇದ್ದರೂ ಕಂತಿನ ತಾರೀಖು ಕದಲುವುದಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಒಳ್ಳೆಯದೇ ಆಯಿತು. ಆದರೆ ಅಪ್ಪನಿಗೆ ಮಗನ ಸಾಲ ಗೊತ್ತಿರಬೇಕೆಂದು ಯಾವ ಕಾನೂನೂ ಮಾಡಲಾಗದು.

ಇದು ಬಯಲುಸೀಮೆಯವರ ಪಾಡು, ನಮಗೇನು ಎನ್ನುವ ಹಾಗಿಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ನಮ್ಮ ಹಣ ಕಂತುಕಂತಾಗಿ ಬರುತ್ತಿತ್ತು. ಬಂದಷ್ಟರಲ್ಲಿ ಮನೆ ನಡೆಸಬೇಕಿತ್ತು. ಅಂದು ಕಂತು ನಮಗೆ ಬರುತ್ತಿತ್ತು, ಈಗ ನಾವು ಕಟ್ಟುತ್ತಿದ್ದೇವೆ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಏರಿತು. ಅದೇ ಬೆಲೆ ನಿಲ್ಲುತ್ತದೆಂದು ಮನೆ ಕಟ್ಟಿದವರು, ಜೀಪು ಕೊಂಡವರು 2000ದ ನಂತರದ ಕುಸಿತದಲ್ಲಿ ಪಟ್ಟ ಪಾಡನ್ನು ನಮ್ಮ ವಯಸ್ಸಿನವರು ಮರೆತಿಲ್ಲ.

ಮದುವೆಯ ಮಾತೂ ಅಷ್ಟೇ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿಯೂ ಅಂಥವು ಸಾಮಾನ್ಯ. ಮಲೆನಾಡಿಗರಿಗೆ ಕುವೆಂಪು ಅವರ ಮಂತ್ರಮಾಂಗಲ್ಯದ ಮೇಲ್ಪಂಕ್ತಿಯಿದೆ. ಮುಂದೆ ಮೂಡಿಗೆರೆಯಲ್ಲಿ ನಮ್ಮಂತೆಯೇ ಕಾಫಿ ಬೆಳೆದ ತೇಜಸ್ವಿಯವರು 1966ರಲ್ಲಿ ಹಾಗೆಯೇ ಮದುವೆಯಾದರು. ಆದರೂ ನಾವು ಕಲ್ಯಾಣ ಮಂಟಪದ ಬಾಡಿಗೆಯಲ್ಲಿ ನೆರೆಯವರನ್ನು ಮೀರಿಸಲು ಹೊರಟಿದ್ದೇವೆ. ಚಪ್ಪರ ಹಾಕಲು, ಅಡಿಗೆಗೆ, ಬಡಿಸಲು ಊರವರೇ ಬರುತ್ತಿದ್ದಾಗ ಅವರ ಮನೆಯ ಕಾರ್ಯಕ್ಕೆ ನಾವು ಹೋಗಲೇಬೇಕಿತ್ತು. ತೋಟದ ಮುಯ್ಯಾಳಿನ ಲೆಕ್ಕವೇ ಅಲ್ಲೂ. ಈಗ ಎಲ್ಲವೂ ಕಂಟ್ರಾಕ್ಟು. ಹಣ ಕೊಟ್ಟರೆ ಋಣ ಮುಗಿಯಿತು. ಮುಯ್ಯಾಳು ನಿಂತು ಹೋಗಿ ಕೊಯ್ಲಿಗೆ ಜನ ಸಿಗುವುದಿಲ್ಲವೆಂದು ಗೋಳಿಡುವವರೂ ನಾವೇ.

ಸಂಘ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಬೆಳೆಗಲ್ಲದ ಯಾವುದೇ ಸಾಲದ ಅರ್ಜಿಗೆ ಗಂಡ, ಹೆಂಡತಿ, ಮನೆಯಲ್ಲಿರುವ ವಯಸ್ಕ ಮಕ್ಕಳು ಎಲ್ಲರ ಸಹಿಯೂ ಇರಬೇಕು. ಹೊರಗೆ ಯಾರ ಹೆಸರಿನಲ್ಲಿ ಎಷ್ಟು ಕಂತಿದೆ ಎಂಬುದನ್ನು ಅದೇ ಹಾಳೆಯಲ್ಲಿ ಬರೆಯಬೇಕು. ಗುಟ್ಟು ಹೊರಬೀಳುತ್ತದೆಂದು ಕೆಲವರು ಈಗಾಗಲೇ ಮುಖ ಗಂಟಿಕ್ಕಿದ್ದಾರೆ. ಹಾಳೆ ಸಂಘದ ಕಪಾಟಿನಲ್ಲಿರುತ್ತದೆ, ಫಲಕದ ಮೇಲಲ್ಲ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮಂಡಿಸುತ್ತೇವೆ. ವಿರೋಧವಿರುವ ಸದಸ್ಯರು ಮೊದಲೇ ಬರೆದು ತಿಳಿಸಿದರೆ ಚರ್ಚೆಗೆ ಅನುಕೂಲ. ಸಭೆಗೆ ಮನೆಯವರನ್ನೂ ಕರೆತನ್ನಿ.