ಚೌಕದ ಮೂಲೆಯ ನಾಯಿ

2016ರ ಜನವರಿಯಲ್ಲಿ ಕೊಚ್ಚಿಯ ಪುಟ್ಟು ಹೋಟೆಲೊಂದರ ಮುಂದೆ ಗುಂಪೊಂದು ಘೋಷಣೆ ಕೂಗುತ್ತ ನಿಂತಿತ್ತು. ಹೋಟೆಲು ನಟ ದಿಲೀಪ್ ಅವರದು. ಅವರ ಹೊಸ ಚಿತ್ರಕ್ಕೆ ‘ಪ್ರೊಫೆಸರ್ ಡಿಂಕನ್’ ಎಂದು ಹೆಸರಿಟ್ಟಿದ್ದರಿಂದ ತಮ್ಮ ಧಾರ್ಮಿಕ ಭಾವನೆಗೆ ಧಕ್ಕೆಯಾಗಿದೆ ಎಂಬುದು ಗುಂಪಿನ ದೂರು. ಆ ಧರ್ಮದ ದೇವರು ಒಂದು ಇಲಿ! 1983ರಲ್ಲಿ ಮಲಯಾಳಂನ ‘ಬಾಲಮಂಗಳಂ’ ಪತ್ರಿಕೆಯಲ್ಲಿ ಹುಟ್ಟಿದ ಹಾರುವ ಇಲಿ ಡಿಂಕನ್. ನಮ್ಮ ‘ಬಾಲಮಂಗಳ’ದಲ್ಲಿ ‘ಡಿಂಗ’ನಾಗಿ ಬಂದು ಕನ್ನಡದ ಮಕ್ಕಳ ಬೇಸಿಗೆ ರಜೆಗೆ ಜೊತೆಯಾಗಿದ್ದವನೂ ಇವನೇ.

ಮಾತುಮಾತಿಗೂ ಭಾವನೆ ನೋಯಿಸಿಕೊಳ್ಳುವವರನ್ನು ಅಣಕಿಸಲು ಮಲಯಾಳಿಗಳು ಕಟ್ಟಿಕೊಂಡ ಅಣಕು ಧರ್ಮವದು. ಆ ಸಿನಿಮಾ ಇಲಿಯ ಕಥೆಯೂ ಆಗಿರಲಿಲ್ಲ. ಆದರೂ ಆ ತಮಾಷೆಯೊಳಗೊಂದು ನಿಜವಿತ್ತು. ಚಿತ್ರಕಥೆಗಳ ಓದುಗರು ಸಿನಿಮಾದಿಂದ ನಿರೀಕ್ಷಿಸುವುದು ಹೆಚ್ಚುಕಡಿಮೆ ಭಕ್ತರ ನಿಷ್ಠೆಯನ್ನೇ. ಒಂದು ಚೌಕವೂ ಆಚೀಚೆ ಆಗಬಾರದು, ಒಂದು ಗೆರೆಯೂ ತಪ್ಪಬಾರದು.

ಈ ಹಟ ಎಷ್ಟು ಸರಿ? ಉತ್ತರಕ್ಕೆ ಹಾಲಿವುಡ್ಡಿನವರೆಗೆ ಹೋಗಬೇಕಿಲ್ಲ, ಕೇರಳದಲ್ಲೇ ಎರಡು ಒಳ್ಳೆಯ ನಿದರ್ಶನಗಳಿವೆ.

ಮೊದಲನೆಯದು ‘ಬೋಬನುಂ ಮೋಳಿಯುಂ’. ವ್ಯಂಗ್ಯಚಿತ್ರಕಾರ ಟಾಮ್ಸ್ (ವಿ.ಟಿ. ಥಾಮಸ್) ಬರೆದ ಈ ಅವಳಿ ಮಕ್ಕಳ ತುಂಟಾಟ ಮಲಯಾಳ ಮನೋರಮಾ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿತ್ತು. ಮಲಯಾಳಿಗಳಿಗೆ ಪತ್ರಿಕೆಯನ್ನು ಹಿಂದಿನಿಂದ ಓದುವ ಚಾಳಿ ಹತ್ತಿದ್ದೇ ಇದರಿಂದ. ಕಕ್ಷಿದಾರರೇ ಸಿಗದ ವಕೀಲ ಅಪ್ಪ, ಹೆಂಡತಿಗೆ ಹೆದರುವ ಪಂಚಾಯಿತಿ ಅಧ್ಯಕ್ಷ, ಇವರೆಲ್ಲರ ನಡುವೆ ಒಂದು ನಾಯಿ. ಅದಕ್ಕೆ ಮಾತಿಲ್ಲ, ಕಥೆಯಲ್ಲಿ ಪಾತ್ರವೂ ಇಲ್ಲ. ಮಕ್ಕಳು ಹೋದಲ್ಲೆಲ್ಲ ಹೋಗಿ, ಚೌಕದ ಮೂಲೆಯಲ್ಲಿ ತನ್ನ ಪಾಡಿಗೆ ತಾನೇನೋ ಮಾಡಿಕೊಂಡಿರುತ್ತದೆ. ಓದುಗ ಮಾತು ಓದಿ ನಕ್ಕು ಮುಂದೆ ಹೋಗುವಷ್ಟರಲ್ಲಿ ಕಣ್ಣು ಆ ಮೂಲೆಗೆ ಬೀಳುತ್ತದೆ; ಇನ್ನೊಮ್ಮೆ ನಗುತ್ತಾನೆ.

1971ರಲ್ಲಿ ಜೆ. ಶಶಿಕುಮಾರ್ ನಿರ್ದೇಶನದಲ್ಲಿ ಇದು ಸಿನಿಮಾ ಆಯಿತು. ಹೆಸರು ಅದೇ, ಮಕ್ಕಳು ಅವರೇ. ಆದರೂ ಇವತ್ತು ಬೋಬನ್–ಮೋಳಿ ಎಂದರೆ ಕಣ್ಣಿಗೆ ಕಟ್ಟುವುದು ಆ ಕೊನೆಯ ಪುಟವೇ. ಕಾರಣ ಊಹಿಸುವುದು ಕಷ್ಟವಲ್ಲ. ಕಾಗದದ ಮೇಲೆ ಈ ಅವಳಿಗಳು ದಶಕಗಟ್ಟಲೆ ಬೆಳೆಯಲೇ ಇಲ್ಲ. ಬಾಲನಟರಿಗೆ ಆ ಭಾಗ್ಯವಿಲ್ಲ. ಆ ನಾಯಿಯನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿದರೆ ಅದು ಮೂಲೆಯ ನಾಯಿಯಾಗಿ ಉಳಿಯುವುದಿಲ್ಲ, ತೋರಿಸದಿದ್ದರೆ ಪ್ರೇಕ್ಷಕನಿಗೆ ಕಾಣಿಸುವುದಿಲ್ಲ. ಪುಟ ಓದುಗನಿಗಾಗಿ ಕಾಯುತ್ತದೆ, ಪರದೆ ಕಾಯುವುದಿಲ್ಲ.

ಇದೇ ಅವಳಿಗಳು ಮುಂದೆ ಕೋರ್ಟು ಮೆಟ್ಟಿಲನ್ನೂ ಹತ್ತಿದರು. 1987ರಲ್ಲಿ ಟಾಮ್ಸ್ ಮನೋರಮಾ ಬಿಟ್ಟು ತಿರುವನಂತಪುರದ ‘ಕಲಾಕೌಮುದಿ’ಗೆ ಬರೆಯಹೊರಟಾಗ ಹಕ್ಕಿನ ಜಗಳ ಎದ್ದಿತು. ನೌಕರಿಗೆ ಸೇರುವ ಮೊದಲೇ ಹುಟ್ಟಿದ ಪಾತ್ರಗಳಿವು, ಕೆಲಸ ಬಿಟ್ಟವನು ಅವನ್ನಿಟ್ಟುಕೊಂಡು ಹೊಸದಾಗಿ ಬರೆಯದಂತೆ ತಡೆಯಲಾಗದು ಎಂದು ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟ್ 1988ರಲ್ಲಿ ಹೇಳಿತು. ಅಚ್ಚಾಗಿ ಹೋದ ಚೌಕಗಳು ಬೇರೆ, ಅವುಗಳಿಂದೆದ್ದು ಓಡಾಡುವ ಪಾತ್ರಗಳು ಬೇರೆ. ಸಿನಿಮಾದವರು ಈ ತೀರ್ಪನ್ನೊಮ್ಮೆ ಓದಬೇಕು.

ಎರಡನೆಯ ನಿದರ್ಶನ ಇನ್ನೂ ಸ್ವಾರಸ್ಯದ್ದು. ರಬ್ಬರ್ ಬೋರ್ಡಿನ ನೌಕರ ಜಿ. ಅರವಿಂದನ್ 1961ರಿಂದ 1973ರವರೆಗೆ ಮಾತೃಭೂಮಿ ವಾರಪತ್ರಿಕೆಯಲ್ಲಿ ‘ಚೆರಿಯ ಮನುಷ್ಯರುಂ ವಲಿಯ ಲೋಕವುಂ’ ಎಂಬ ಚಿತ್ರಮಾಲೆ ಬರೆದರು. ಭಾರತದ ಮೊದಮೊದಲ ಗ್ರಾಫಿಕ್ ಕಾದಂಬರಿಗಳಲ್ಲಿ ಇದನ್ನು ಎಣಿಸುವವರಿದ್ದಾರೆ. ಇಲ್ಲಿನ ರಾಮು ಬೋಬನ್‌ನಂತಲ್ಲ, ಅವನಿಗೆ ವಯಸ್ಸಾಗುತ್ತದೆ. ಕೆಲಸ ಹುಡುಕುವ ಸಾದಾ ಹುಡುಗ ವರ್ಷ ಉರುಳಿದಂತೆ ಲೋಕದ ಜೊತೆ ರಾಜಿಯಾಗುತ್ತ ಬೇರೆಯೇ ಮನುಷ್ಯನಾಗುತ್ತಾನೆ.

ಮುಂದೆ ಅರವಿಂದನ್ ದೇಶ ಮೆಚ್ಚಿದ ನಿರ್ದೇಶಕರಾದರು. ಕೈಯಲ್ಲಿ ಹನ್ನೆರಡು ವರ್ಷಗಳ ಸಿದ್ಧ ಸರಕಿತ್ತು. ಆದರೂ ಅವರು ರಾಮುವನ್ನು ತೆರೆಗೆ ತರಲಿಲ್ಲ. ಮೊದಲ ಚಿತ್ರ ‘ಉತ್ತರಾಯಣಂ’ನಲ್ಲಿ ರವಿ ಎಂಬ ನಿರುದ್ಯೋಗಿ ಬಂದ, ಸ್ವಾತಂತ್ರ್ಯ ಹೋರಾಟದ ಹೆಸರಿನಲ್ಲಿ ಬದುಕು ಮಾಡಿಕೊಂಡವರ ಬಣ್ಣ ಕಂಡ. ರಾಮುವಿನ ಚಿತ್ರಮಾಲೆ ಓದಿದವರಿಗೆ ಇವನು ಅಪರಿಚಿತನಲ್ಲ. 1978ರ ‘ತಂಪ್’ನಲ್ಲಿ ನಿಜವಾದ ಸರ್ಕಸ್ ತಂಡವನ್ನೇ ಭಾರತಪ್ಪುಳ ಹೊಳೆಯ ದಂಡೆಗೆ ಕರೆತಂದು, ಆಟ ನೋಡುವ ಹಳ್ಳಿಗರ ಮುಖಗಳನ್ನು ಒಂದಾದ ಮೇಲೊಂದರಂತೆ ಕಪ್ಪು–ಬಿಳುಪಿನಲ್ಲಿ ಸೆರೆಹಿಡಿದರು. ಒಂದೊಂದು ಮುಖವೂ ಒಂದೊಂದು ಚೌಕ. ಕಥೆ ದಾಟದಿದ್ದರೂ ಕಣ್ಣು ದಾಟಿಬಂದಿತ್ತು.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. 2009ರ ‘ವಾಚ್‌ಮೆನ್’ ಸಿನಿಮಾ ಪುಸ್ತಕದ ಎಷ್ಟೋ ಚೌಕಗಳನ್ನು ಹಾಗೆಹಾಗೇ ತೆರೆಗೆ ತಂದರೂ ಮೂಲ ಲೇಖಕ ಅಲನ್ ಮೂರ್ ತಮ್ಮ ಹೆಸರು ಹಾಕಲು ಒಪ್ಪಲಿಲ್ಲ. ಅತ್ತ ಮರ್ಜಾನೆ ಸತ್ರಪಿ ತಮ್ಮದೇ ‘ಪರ್ಸೆಪೊಲಿಸ್’ ಅನ್ನು 2007ರಲ್ಲಿ ಸಹನಿರ್ದೇಶಕರಾಗಿ ಸಿನಿಮಾ ಮಾಡಿದಾಗ ಗೆರೆಯ ಕಪ್ಪು–ಬಿಳುಪನ್ನು ಉಳಿಸಿಕೊಂಡರು. ಪುಸ್ತಕದಲ್ಲಿಲ್ಲದ ವಿಮಾನ ನಿಲ್ದಾಣದ ದೃಶ್ಯಗಳನ್ನು ಬಣ್ಣದಲ್ಲಿ ಸೇರಿಸಿದರು. ಅದು ಕಾನ್‌ನಲ್ಲಿ ಜ್ಯೂರಿ ಬಹುಮಾನ ಪಡೆಯಿತು.

‘ಮಿನ್ನಲ್ ಮುರಳಿ’ಯ ಗೆಲುವಿನ ನಂತರ ಮಲಯಾಳಂನಲ್ಲಿ ಅತಿಮಾನುಷ ನಾಯಕರಿಗೆ ಬೇಡಿಕೆ ಕುದುರಿದೆ. ಹಳೆಯ ಚಿತ್ರಕಥೆಗಳನ್ನು ಯಾರಾದರೂ ಮತ್ತೆ ಕೆದಕಿದರೆ ಆಶ್ಚರ್ಯವಿಲ್ಲ. ಹಾಗೆ ಬೋಬನ್–ಮೋಳಿಯನ್ನು ಕೈಗೆತ್ತಿಕೊಳ್ಳುವ ನಿರ್ದೇಶಕನನ್ನು ಮಕ್ಕಳ ಕೂದಲು, ಅಂಗಿ ಪುಸ್ತಕದಂತೆಯೇ ಇವೆಯೇ ಎಂದು ಓದುಗರು ಕೇಳದಿರಲಿ. ಆ ನಾಯಿಯನ್ನು ಎಲ್ಲಿ ನಿಲ್ಲಿಸುತ್ತೀಯಪ್ಪಾ ಎಂದು ಕೇಳಲಿ.