ಕುಂಚದ ವಿವೇಕ

ಒಂದು ನಾಡಿನ ಸಂಸ್ಕಾರವನ್ನು ಅದರ ಕಾವ್ಯದಿಂದಲೂ ಶಿಲ್ಪದಿಂದಲೂ ಅಳೆಯುವುದು ವಾಡಿಕೆ. ಆದರೆ ಆ ಶಿಲ್ಪದ ಮೇಲಿನ ಧೂಳನ್ನು ಅಲ್ಲಿಯ ಜನ ಯಾವುದರಿಂದ ಒರಸುತ್ತಾರೆ, ಹಿರಿಯರು ಕಟ್ಟಿದ ಗೋಡೆಗೆ ಯಾವುದರಿಂದ ಬಣ್ಣ ಬಳಿಯುತ್ತಾರೆ, ಬೀದಿಯನ್ನು ಗುಡಿಸುವವರ ಕೈಗೆ ಎಂಥ ಕಸಬರಿಗೆಯನ್ನು ಕೊಡುತ್ತಾರೆ ಎಂಬುದನ್ನು ವಿಚಾರಿಸಿದರೂ ಅದೇ ಸಂಸ್ಕಾರದ ಪರಿಚಯ ನಮಗೆ ದೊರೆಯದೆ ಇರದು. ಹಿಡಿಯಷ್ಟು ಕೂದಲು ಅಥವಾ ನಾರು, ಅದನ್ನು ಬಿಗಿದ ಒಂದು ಕಟ್ಟು, ಹಿಡಿಯಲು ಒಂದು ಕೋಲು: ಕುಂಚದ ಶರೀರ ಇಷ್ಟೇ. ಆದರೂ ತಾನು ಮುಟ್ಟಿದ ವಸ್ತುವನ್ನು ಶತಮಾನಗಳ ಕಾಲ ಉಳಿಸುವ ಶಕ್ತಿಯೂ ಒಂದೇ ಮಧ್ಯಾಹ್ನದಲ್ಲಿ ಕೆಡಿಸುವ ಶಕ್ತಿಯೂ ಅದಕ್ಕೆ ಉಂಟು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕುಂಚದ ವಿದ್ಯೆ ಒಂದು ಕಾಲಕ್ಕೆ ಅತ್ಯಂತ ಸೂಕ್ಷ್ಮವಾದ ನೆಲೆಯನ್ನು ಮುಟ್ಟಿತ್ತು. ಆ ವಿದ್ಯೆಯ ಸಾರವಾದ ವಿವೇಕವನ್ನು, ಎಂದರೆ ವಸ್ತುವಿನ ಸ್ವಭಾವವನ್ನರಿತು ಅದಕ್ಕೆ ತಕ್ಕ ಕುಂಚವನ್ನು ಆರಿಸುವ ವಿವೇಕವನ್ನು, ನಾವು ಮತ್ತೆ ಸಂಪಾದಿಸಿಕೊಳ್ಳದಿದ್ದರೆ ನಮ್ಮ ಪೂರ್ವಿಕರು ಬಿಟ್ಟುಹೋದುದನ್ನು ನಾವೇ ಉಜ್ಜಿ ಅಳಿಸಿದವರಾಗುತ್ತೇವೆ.

ಸುರಪುರದ ಗೋಸಲ ವಂಶದ ನಾಯಕರ ಆಶ್ರಯದಲ್ಲಿ ಬೆಳೆದ ಕಿರುಚಿತ್ರ ಸಂಪ್ರದಾಯದ ಹೆಸರನ್ನು ಕಲಾಭಿಜ್ಞರು ಗೌರವದಿಂದ ಹೇಳುತ್ತಾರೆ. ಗರುಡಾದ್ರಿ ಮನೆತನದ ಚಿತ್ರಕಾರರು ತಲೆಮಾರುಗಳಿಂದ ಸಾಧಿಸಿಕೊಂಡು ಬಂದ ಆ ಕಲೆಯಲ್ಲಿ ದೇವತಾ ಮೂರ್ತಿಗಳೂ ರಾಜಸಭೆಗಳೂ ಚಿನ್ನದ ರೇಕಿನ ಕಾಂತಿಯೊಡನೆ ಅಂಗೈಯಗಲದ ಅವಕಾಶದಲ್ಲಿ ನೆಲೆಗೊಂಡಿವೆ. ಆಭರಣದ ಒಂದೊಂದು ಮಣಿಯನ್ನೂ ವಸ್ತ್ರದ ಒಂದೊಂದು ಅಂಚನ್ನೂ ಬೇರೆಬೇರೆಯಾಗಿ ತೋರಿಸಬೇಕಾದ ಇಂಥ ರಚನೆಯಲ್ಲಿ ಕೈಯ ಅಭ್ಯಾಸ ಎಷ್ಟು ಮುಖ್ಯವೋ ಕುಂಚದ ಮೊನೆಯೂ ಅಷ್ಟೇ ಮುಖ್ಯ. ಕಿರುಚಿತ್ರಕಾರರು ನಮ್ಮ ದೇಶದಲ್ಲೆಲ್ಲ ಅಳಿಲಿನ ಬಾಲದ ಕೂದಲನ್ನು ಆಶ್ರಯಿಸಿದುದಕ್ಕೆ ಕಾರಣ ಆ ಕೂದಲಿನ ರಚನೆಯಲ್ಲಿಯೇ ಇದೆ: ನಡುವೆ ತುಸು ತುಂಬಿಕೊಂಡು ತುದಿಗೆ ಬರುಬರುತ್ತ ತೆಳುವಾಗುವ ಅದು ಹೊಟ್ಟೆಯಲ್ಲಿ ಬಣ್ಣದ ನೀರನ್ನು ಹಿಡಿದಿಟ್ಟುಕೊಂಡು ಮೊನೆಯಿಂದ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಆದುದರಿಂದಲೇ ಒಳ್ಳೆಯ ಕುಂಚ ಕಟ್ಟುವವನು ಕೂದಲಿನ ಬುಡವನ್ನು ಕತ್ತರಿಸಿ ಕಟ್ಟಿನೊಳಗೆ ಸೇರಿಸುವನೇ ಹೊರತು ಅದರ ಸಹಜವಾದ ತುದಿಗೆ ಎಂದಿಗೂ ಕತ್ತರಿಯನ್ನು ತಾಗಿಸನು.

ಈ ತಿಳಿವಳಿಕೆ ನಮ್ಮ ಸೀಮೆಗೆ ಹೊಸದಾಗಿ ಬಂದುದಲ್ಲ. ಕಲ್ಯಾಣದಿಂದ ಈ ಪ್ರದೇಶವನ್ನೂ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮಕ್ಕೆ ವಿಸ್ತಾರವಾದ ಸ್ಥಾನವಿದೆ. ಎಳೆಗರುವಿನ ಕಿವಿಯ ರೋಮವನ್ನು ಅರಗಿನಿಂದ ಕಡ್ಡಿಯ ತುದಿಗೆ ಬಂಧಿಸಿ ಲೇಖನಿಯನ್ನು ಮಾಡಬೇಕೆಂದೂ, ಅದು ಸ್ಥೂಲ, ಮಧ್ಯಮ, ಸೂಕ್ಷ್ಮ ಎಂದು ಮೂರು ಬಗೆಯಾಗಿರಬೇಕೆಂದೂ, ಬಣ್ಣವನ್ನು ಲೇಪಿಸಲು ದಪ್ಪನೆಯದನ್ನೂ ಗೆರೆಯೆಳೆಯಲು ತೆಳ್ಳನೆಯದರ ಮೊನೆಯನ್ನೂ ಬಳಸಬೇಕೆಂದೂ ಆ ಗ್ರಂಥ ವಿಧಿಸುತ್ತದೆ. ಸಾಮ್ರಾಜ್ಯವನ್ನಾಳುವವನು ಕುಂಚದ ದಪ್ಪ ತೆಳುವನ್ನು ವಿವೇಚಿಸುವುದಕ್ಕೆ ಹಿಂಜರಿಯಲಿಲ್ಲವೆಂದ ಮೇಲೆ, ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ನಮಗೆ ಒಪ್ಪುವ ಮಾತಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನೊಡನೆ ಸುರಪುರದ ಸ್ವಾತಂತ್ರ್ಯ ಮುಗಿದು, 1860ರಲ್ಲಿ ಆ ಸೀಮೆ ನಿಜಾಮನ ವಶಕ್ಕೆ ಹೋದಾಗ ಚಿತ್ರಕಾರರಿಗೆ ಅರಮನೆಯ ಆಸರೆ ತಪ್ಪಿತು. ಆಸರೆಯೊಡನೆ ಗಿರಾಕಿ ತಪ್ಪಿದ. ಗಿರಾಕಿಯೊಡನೆ ಒಳ್ಳೆಯ ಕುಂಚದ ಬೆಲೆಯನ್ನು ಬಲ್ಲ ಸಮಾಜವೂ ಕುಗ್ಗಿತು.

ಚಿತ್ರಶಾಲೆಯ ಹೊರಗೂ ಕುಂಚಕ್ಕೆ ಇಂಥದೇ ಶಾಸ್ತ್ರವಿದ್ದಿತು. ಹನ್ನೊಂದನೆಯ ಶತಮಾನದ ವಚನಕಾರ, ನೇಯ್ಗೆಯ ಕಾಯಕದ ದೇವರ ದಾಸಿಮಯ್ಯನ ಊರಾದ ಮುದನೂರು ಸುರಪುರದ ನೆರೆಯಲ್ಲಿಯೇ ಇದೆ. ಕೈಮಗ್ಗದ ನೇಕಾರರು ಹಾಸಿನ ನೂಲನ್ನು ಬೀದಿಯುದ್ದಕ್ಕೆ ಬಿಗಿದು ಗಂಜಿಯನ್ನು ಹಾಕಿ, ಒರಟಾದ ನಾರುಬೇರಿನ ಉದ್ದನೆಯ ಕುಂಚದಿಂದ ಒಂದೇ ದಿಕ್ಕಿಗೆ ಸವರಿಕೊಂಡು ಹೋಗುತ್ತಿದ್ದರು. ಎಳೆ ಎಳೆಗೆ ಅಂಟಬಾರದು, ಗಂಜಿ ಎಲ್ಲಿಯೂ ಗಂಟಾಗಬಾರದು, ನೂಲಿನ ಮೇಲೆದ್ದ ಜುಂಗು ಅಡಗಬೇಕು. ಅಳಿಲಿನ ಕೂದಲು ಅಲ್ಲಿ ನಿಷ್ಪ್ರಯೋಜಕ. ನೇಕಾರನ ಕುಂಚವಾದರೋ ಚಿತ್ರಕಾರನಿಗೆ ಶತ್ರು. ಒಂದರ ಗುಣ ಮತ್ತೊಂದೆಡೆ ದೋಷವಾಗುವ ಈ ಸಂಗತಿಯನ್ನು ಕಸುಬಿನವರು ಓದಿ ಕಲಿತವರಲ್ಲ, ಕೈಯಿಂದ ಕಲಿತವರು.

ಸುಣ್ಣದ ಕೆಲಸವನ್ನು ತೆಗೆದುಕೊಳ್ಳೋಣ. ಸುಡುವ ಕ್ಷಾರಗುಣದ ಸುಣ್ಣವು ಪ್ರಾಣಿಗಳ ಕೂದಲನ್ನು ಕರಗಿಸಿಬಿಡುತ್ತದೆ. ಆದಕಾರಣ ಸುಣ್ಣ ಬಳಿಯುವವರು ಜಜ್ಜಿದ ನಾರಿನ ಕುಂಚವನ್ನೇ ಹಿಡಿದರು. ಎಣ್ಣೆಬಣ್ಣಕ್ಕೆ ಹಂದಿಯ ಬಿರುಗೂದಲು ಯೋಗ್ಯ, ಏಕೆಂದರೆ ಅದರ ತುದಿ ಸಹಜವಾಗಿಯೇ ಸೀಳಿರುವುದರಿಂದ ಮಂದವಾದ ಬಣ್ಣವನ್ನು ಹೆಚ್ಚಾಗಿ ಹಿಡಿದು ಗೆರೆ ಬೀಳದಂತೆ ಹರಡುತ್ತದೆ. ಆದರೆ ಅದೇ ಬಿರುಗೂದಲು ನೀರು ಬೆರೆಯುವ ಬಣ್ಣದಲ್ಲಿ ತೊಯ್ದು ಮೆತ್ತಗಾಗಿ ಬಿಗಿಯನ್ನು ಕಳೆದುಕೊಳ್ಳುವುದರಿಂದ ಅಲ್ಲಿ ನೈಲಾನಿನಂಥ ಕೃತಕ ಎಳೆ ಮೇಲು. ನೈಲಾನಿನ ಎಳೆ 1938ರಲ್ಲಿ ಅಮೆರಿಕದಲ್ಲಿ ಹಲ್ಲುಜ್ಜುವ ಬ್ರಷ್‌ನ ರೂಪದಲ್ಲಿ ಮೊದಲು ಮಾರುಕಟ್ಟೆಗೆ ಬಂದಿತು. ಅದರ ಮಾತೆಲ್ಲ ಒಂದು ಶತಮಾನದೊಳಗಿನದು. ಸುಣ್ಣ ಮತ್ತು ನಾರಿನ ಸಖ್ಯಕ್ಕೆ ಅದಕ್ಕಿಂತ ಬಹಳ ದೀರ್ಘವಾದ ಅನುಭವದ ಬೆಂಬಲವಿದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸುಣ್ಣವು ಗೋಡೆಯ ಮೇಲೆ ಒಣಗುತ್ತ ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ; ಆದರೂ ಒಳಗಿನ ತೇವ ಹೊರಬೀಳಲು ಅದರಲ್ಲಿ ಸೂಕ್ಷ್ಮವಾದ ದಾರಿಗಳು ಉಳಿದಿರುತ್ತವೆ. ಕಲ್ಲು, ಮಣ್ಣು, ಗಾರೆಗಳಿಂದ ಕಟ್ಟಿದ ಹಳೆಯ ಗೋಡೆಗೆ ಎನಾಮಲ್ಲನ್ನೋ ಪ್ಲಾಸ್ಟಿಕ್ ಬಣ್ಣವನ್ನೋ ಬಳಿದರೆ ಆ ದಾರಿಗಳು ಮುಚ್ಚಿಹೋಗುತ್ತವೆ. ನೆಲದಿಂದ ಏರಿದ ನೀರು ಲವಣಗಳೊಡನೆ ಒಳಗೇ ನಿಂತು, ಆ ಲವಣಗಳು ಹರಳುಗಟ್ಟಿ, ಕೆಲವು ವರ್ಷಗಳಲ್ಲಿ ಬಣ್ಣವೂ ಅದರ ಹಿಂದಿನ ಗಾರೆಯೂ ಒಟ್ಟಾಗಿ ಕಳಚಿ ಬೀಳುತ್ತವೆ. ಆಗ ದುರಸ್ತಿಯ ಹೆಸರಿನಲ್ಲಿ ತಂತಿಯ ಬ್ರಷ್ ಬರುತ್ತದೆ, ಉಜ್ಜುವುದಾಗುತ್ತದೆ, ಮತ್ತೊಂದು ಪದರ ಬಣ್ಣ ಏರುತ್ತದೆ. ಜಾತ್ರೆಯಿಂದ ಜಾತ್ರೆಗೆ ನಡೆಯುವ ಈ ಸೇವೆಯಲ್ಲಿ ಭಕ್ತಿಗೆ ಕೊರತೆಯಿಲ್ಲ. ವಿವೇಕಕ್ಕೆ ಮಾತ್ರ ಕೊರತೆ.

ತಂತಿಯ ಬ್ರಷ್ ಕಬ್ಬಿಣದ ತುಕ್ಕನ್ನು ತೆಗೆಯುವುದಕ್ಕೆ ಉತ್ತಮವಾದ ಉಪಕರಣ; ಬಾಗಿಲ ಸರಳಿಗೂ ನೇಗಿಲ ಕುಳಕ್ಕೂ ಅದನ್ನು ಧಾರಾಳವಾಗಿ ಬಳಸಬಹುದು. ಹಳೆಯ ಕಲ್ಲಿನ ಮೇಲೆ ಅದನ್ನು ಆಡಿಸಿದರೆ ಎರಡು ವಿಧದ ಹಾನಿ ಸಂಭವಿಸುತ್ತದೆ. ಗಾಳಿ ಮಳೆಗಳಿಂದ ಆಗಲೇ ಸಡಿಲಗೊಂಡಿರುವ ಕಲ್ಲಿನ ಹೊರಪದರ ಹರಿದುಹೋಗುವುದು ಒಂದು. ತಂತಿಯ ಚೂರುಗಳು ಕಲ್ಲಿನ ಸಂದುಗಳಲ್ಲಿ ಸಿಕ್ಕಿ ಮಳೆಗಾಲದಲ್ಲಿ ತುಕ್ಕು ಹಿಡಿದು ಕೆಂಪು ಕಲೆಗಳನ್ನು ಬಿಡುವುದು ಇನ್ನೊಂದು. ಶಾಸನದ ಅಕ್ಷರ ಕಲ್ಲಿನ ಮೇಲ್ಮೈಯಲ್ಲಿ ಮಾತ್ರ ಇರುವಂಥದು. ಮೇಲ್ಮೈ ಹೋದರೆ ಅದು ಹೇಳುತ್ತಿದ್ದ ದಾನವೂ ದಾನಿಯೂ ತಿಥಿಯೂ ಹೋದವು. ಸುರಪುರ ಸೀಮೆಯ ಏವೂರಿನಲ್ಲಿ ದೊರೆತ, ಆರನೆಯ ವಿಕ್ರಮಾದಿತ್ಯನ ಕಾಲದ 1077ರ ಶಾಸನವು ಚಾಲುಕ್ಯರ ವಂಶಾವಳಿಯನ್ನು ತಿಳಿಯಲು ವಿದ್ವಾಂಸರಿಗೆ ಆಧಾರವಾಯಿತು. ಶಹಾಪುರದ ಬಳಿಯ ಶಿರವಾಳದ ಪುರಾತನ ಗುಡಿಗಳಲ್ಲಿಯೂ ಕೆಂಭಾವಿಯ ಕಲ್ಲುಗಳಲ್ಲಿಯೂ ಅಂಥ ಸಾಕ್ಷ್ಯಗಳು ಉಂಟು. ಒಬ್ಬ ಉತ್ಸಾಹಿಯ ಕೈಯಲ್ಲಿಯ ಒಂದು ತಪ್ಪು ಬ್ರಷ್‌ನಿಂದ ಇಂಥ ಕಲ್ಲು ಮೂಕವಾಗಬಲ್ಲುದೆಂಬುದನ್ನು ನೆನೆದಾಗ ಮನಸ್ಸು ತಲ್ಲಣಿಸುತ್ತದೆ.

ಮನೆಯ ನೆಲದ ವಿಷಯದಲ್ಲಿಯೂ ಈ ನ್ಯಾಯವೇ. ಭೀಮಾ ನದಿಯ ಸೀಮೆಯಲ್ಲಿ ದೊರೆಯುವ ಪರಸಿ ಕಲ್ಲು ಸುಣ್ಣದ ಜಾತಿಯದು. ಶೌಚಾಲಯಕ್ಕೆಂದು ಅಂಗಡಿಯಲ್ಲಿ ಮಾರುವ ಆ್ಯಸಿಡ್ಡನ್ನು ಅದರ ಮೇಲೆ ಸುರಿದಾಗ ನೊರೆಯೇಳುವುದನ್ನು ಕಂಡು ಕೊಳೆ ಹೋಗುತ್ತಿದೆಯೆಂದು ಹಲವರು ಭಾವಿಸುತ್ತಾರೆ, ಕರಗುತ್ತಿರುವುದು ಕಲ್ಲೇ. ಬಿರುಸಾದ ಬ್ರಷ್‌ನಿಂದ ಉಜ್ಜಿದಷ್ಟೂ ಅದರ ನುಣುಪು ಹೋಗಿ, ಒರಟಾದ ಮೈಯಲ್ಲಿ ಕೊಳೆ ಮೊದಲಿಗಿಂತ ಬೇಗ ನೆಲೆಸುತ್ತದೆ. ತೆಂಗಿನ ನಾರಿನ ಬ್ರಷ್ಷೂ ನೀರೂ ಸ್ವಲ್ಪ ಸಾಬೂನೂ ಆ ನೆಲಕ್ಕೆ ಸಾಕು.

ಹಾಗಾದರೆ ಹಳೆಯ ಕಲ್ಲನ್ನು ಶುಚಿ ಮಾಡುವುದೇ ಬೇಡವೆ? ಬೇಕು, ಆದರೆ ಮೃದುವಾದುದರಿಂದ ಆರಂಭಿಸಬೇಕು, ಅದು ಸಾಲದಾದಾಗ ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ ಹೋಗಬೇಕು. ಮೊದಲು ಒಣಗಿದ ಮೃದು ಕುಂಚ, ಅನಂತರ ಶುದ್ಧವಾದ ನೀರು ಮತ್ತು ನಾರಿನ ಅಥವಾ ನೈಲಾನಿನ ಮೆತ್ತನೆಯ ಬ್ರಷ್. ಕೊಳೆನೀರು ಒಣಗೋಡೆಯ ಮೇಲೆ ಇಳಿದು ಗೆರೆ ಮೂಡಿಸದಂತೆ ಕೆಳಗಿನಿಂದ ಮೇಲಕ್ಕೆ ತೊಳೆಯತಕ್ಕದ್ದು. ಇದರ ಶ್ರೇಷ್ಠವಾದ ಮಾದರಿಗಾಗಿ ನಾವು ದೂರ ಹೋಗಬೇಕಾದುದಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಉತ್ಖನನ ನಡೆಸಿ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಕಲ್ಲನ್ನು ಒಡೆದು ಆಯುಧಗಳನ್ನು ಮಾಡಿಕೊಂಡ ನೆಲೆಯನ್ನು ಲೋಕಕ್ಕೆ ತೋರಿಸಿಕೊಟ್ಟರು. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವನ್ನು ಬಿಡಿಸಿದರು. ಉತ್ಖನನದ ಪದ್ಧತಿಯಲ್ಲಿ ಗುದ್ದಲಿಗೆ ಇರುವ ಪಾತ್ರ ಸ್ವಲ್ಪವೇ. ವಸ್ತು ಕಾಣಿಸಿಕೊಂಡ ಕ್ಷಣದಿಂದ ಕರಣೆಯೂ ಕುಂಚವೂ ಅದರ ಸ್ಥಾನಕ್ಕೆ ಬರುತ್ತವೆ. ಅಷ್ಟು ಪ್ರಾಚೀನವಾದುದನ್ನು ಧೂಳಿನಿಂದ ಬಿಡಿಸಲು ಸಾಕಾದ ತಾಳ್ಮೆ, ಸಾವಿರ ವರ್ಷದ ಗುಡಿಯನ್ನು ತೊಳೆಯಲು ನಮ್ಮಲ್ಲಿ ಏಕೆ ಇರಬಾರದು?

ಇದಕ್ಕೆ ಪ್ರತಿಯಾಗಿ ಹೇಳುವ ಮಾತನ್ನೂ ನಾನು ಕೇಳಿಬಲ್ಲೆ. ದೇವಸ್ಥಾನ ಹಬ್ಬದ ದಿನ ಕಳೆಗಟ್ಟಿ ಕಾಣಬೇಕೆಂಬುದು ಜನರ ಆಸೆ. ಎನಾಮಲ್ ಮಳೆಗೆ ಬೇಗ ಹೋಗುವುದಿಲ್ಲ. ಸುಣ್ಣವನ್ನಾದರೋ ವರ್ಷವರ್ಷವೂ ಬಳಿಯಬೇಕು. ಆಸೆ ನ್ಯಾಯವಾದದ್ದೇ. ಆದರೆ ಮೊದಲಿನಿಂದ ಸುಣ್ಣ ಕಂಡ ಗೋಡೆಗೆ ಸುಣ್ಣವನ್ನೂ ಕೆಮ್ಮಣ್ಣಿನ ಪಟ್ಟೆಗಳನ್ನೂ ಬಳಿದು ನಮ್ಮ ಹಿರಿಯರು ಈ ಕಳೆಯನ್ನು ತಂದೇ ಇದ್ದರು. ವರ್ಷವರ್ಷವೂ ಬಳಿಯಬೇಕಾದುದು ಊರಿನ ಕೈಗಳನ್ನು ಒಂದುಗೂಡಿಸುವ ಕಾರಣವಾಗಿಯೂ ಇದ್ದಿತು. ಬರಿಯ ಕೆತ್ತನೆಯ ಕಲ್ಲಿಗಾದರೋ ಯಾವ ಬಣ್ಣವೂ ಬೇಡ. 1958ರ ಕೇಂದ್ರ ಕಾಯಿದೆಯೂ 1961ರ ನಮ್ಮ ರಾಜ್ಯದ ಕಾಯಿದೆಯೂ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗೆ ರಕ್ಷಣೆ ಕೊಡುತ್ತವೆ. ಪಟ್ಟಿಗೆ ಸೇರದ ನೂರಾರು ಚಿಕ್ಕ ಗುಡಿಗಳಿಗೆ ಊರವರ ವಿವೇಕವೊಂದೇ ರಕ್ಷೆ.

ಕುಂಚವನ್ನು ಕೊಳ್ಳುವಾಗ ಅದರ ಕೂದಲು ಎಲ್ಲಿಂದ ಬಂದಿತೆಂದು ವಿಚಾರಿಸುವುದೂ ಈ ವಿವೇಕದ ಒಂದು ಅಂಗ. ಚಿತ್ರಕಾರರಿಗೆಂದು ಕಳ್ಳತನದಲ್ಲಿ ಮಾರಾಟವಾಗುವ ಕುಂಚಗಳಲ್ಲಿ ಮುಂಗುಸಿಯ ಕೂದಲಿನವೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿರುವ ಪ್ರಾಣಿ ಅದು. ಒಂದು ಕಿಲೋ ಕೂದಲಿಗೆ ಸುಮಾರು 50 ಮುಂಗುಸಿಗಳು ಸಾಯಬೇಕಾಗುತ್ತದೆಂದು ವನ್ಯಜೀವಿ ರಕ್ಷಕರ ಅಂದಾಜು. ನಮ್ಮ ಎರೆಹೊಲಗಳ ಬದುಗಳಲ್ಲಿ ಇಲಿಯನ್ನೂ ಹಾವನ್ನೂ ಹಿಡಿದು ರೈತನಿಗೆ ನೆರವಾಗುವ ಜೀವವನ್ನು ಕೊಂದು ಬರೆದ ಚಿತ್ರದಲ್ಲಿ ಸೌಂದರ್ಯ ಎಷ್ಟಿದ್ದೀತು? ಕೃತಕ ಎಳೆಯ ಒಳ್ಳೆಯ ಕುಂಚಗಳು ಈಗ ಸುಲಭವಾಗಿ ದೊರೆಯುವುದರಿಂದ ಕಲೆಗಾಗಿ ಎಂಬ ನೆವವೂ ಉಳಿದಿಲ್ಲ.

ಕಡೆಯದಾಗಿ, ಕುಂಚದ ಕುಲದಲ್ಲಿಯೇ ಹಿರಿಯದಾದ ಕಸಬರಿಗೆಯ ವಿಷಯ. ನುಣುಪಾದ ನೆಲದ ಸಣ್ಣ ಧೂಳಿಗೆ ಹುಲ್ಲಿನದು, ಸಾರಿಸಿದ ನೆಲಕ್ಕೆ ಈಚಲ ಗರಿಯದು, ಅಂಗಳಕ್ಕೂ ಬೀದಿಗೂ ಕಡ್ಡಿಯದು ಎಂಬ ವಿಭಾಗವನ್ನು ನಮ್ಮ ತಾಯಂದಿರು ಬಲ್ಲರು. ಈಚಲ ಕಸಬರಿಗೆಯನ್ನು ಕಟ್ಟಿ ಮಾರುವ ಕೊರವ ಕುಟುಂಬಗಳ ಕೈಯಲ್ಲಿಯೂ ಒಂದು ಶಾಸ್ತ್ರವಿದೆ. ಅದಕ್ಕೆ ತಕ್ಕ ಬೆಲೆಯನ್ನು ಕೊಡದೆ ಚೌಕಾಶಿ ಮಾಡುವುದು ನಮಗೆ ಶೋಭೆಯಲ್ಲ. ವಚನಕಾರ್ತಿ ಸತ್ಯಕ್ಕ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡು ಅದರ ಘನತೆಯನ್ನು ಸ್ಥಾಪಿಸಿದಳು. ಆ ಘನತೆಯನ್ನು ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಭಾಷಣಗಳಲ್ಲಿ ಸ್ಮರಿಸುತ್ತೇವೆ. ಉಳಿದ ದಿನಗಳಲ್ಲಿ ಮೋಟು ಕಸಬರಿಗೆಯನ್ನು ಕೊಟ್ಟು ಅವರು ಸೊಂಟ ಬಗ್ಗಿಸಿ ಬೀದಿಯುದ್ದಕ್ಕೂ ನಡೆಯುವುದನ್ನು ನೋಡುತ್ತ ಸಾಗುತ್ತೇವೆ. ಉದ್ದನೆಯ ಹಿಡಿಯೊಂದು ಇದ್ದರೆ ಬೆನ್ನು ನೆಟ್ಟಗಿರುತ್ತದೆ, ಧೂಳು ಮುಖದಿಂದ ದೂರ ಉಳಿಯುತ್ತದೆ. ಕಲ್ಲಿನ ಮೈಗೆ ತಕ್ಕ ಕುಂಚ ಬೇಕೆನ್ನುವವರು ಮನುಷ್ಯನ ಮೈಗೆ ತಕ್ಕ ಕಸಬರಿಗೆಯನ್ನು ಮರೆಯಲಾಗದು.

ಆದುದರಿಂದ ನನ್ನ ವಿನಂತಿ ಇಷ್ಟು. ದೇವಸ್ಥಾನಗಳ ಸಮಿತಿಗಳು ಈ ವರ್ಷದ ಜಾತ್ರೆಯ ಸಿದ್ಧತೆಗೆ ಮೊದಲು ತಂತಿಯ ಬ್ರಷ್ಷನ್ನೂ ಆ್ಯಸಿಡ್ಡನ್ನೂ ಎನಾಮಲ್ಲನ್ನೂ ಹಳೆಯ ಕಲ್ಲಿನಿಂದ ದೂರವಿಡುವ ನಿರ್ಣಯವನ್ನು ಮಾಡಲಿ. ಸಂದೇಹ ಬಂದಲ್ಲಿ ಪುರಾತತ್ತ್ವ ಇಲಾಖೆಯ ಸಲಹೆಯನ್ನು ಕೇಳಲಿ. ಮೂರು ಪಟ್ಟಣಗಳ ನಗರಾಡಳಿತಗಳು ಪೌರಕಾರ್ಮಿಕರಿಗೆ ಉದ್ದ ಹಿಡಿಯ ಕಸಬರಿಗೆಗಳನ್ನು ಒದಗಿಸಲಿ, ಸಾಧ್ಯವಾದಷ್ಟನ್ನು ಇಲ್ಲಿಯ ಕುಶಲಕರ್ಮಿಗಳಿಂದಲೇ ಕಟ್ಟಿಸಲಿ. ಜಿಲ್ಲೆಯ ಶಾಲೆಗಳು ಸುರಪುರದ ಚಿತ್ರಕಲೆಯನ್ನು ಬಲ್ಲವರನ್ನು ಕರೆಸಿ, ಮಕ್ಕಳ ಕೈಗೆ ಕುಂಚವನ್ನು ಕೊಟ್ಟು, ಅದನ್ನು ಹಿಡಿಯುವ, ತೊಳೆಯುವ, ಮೊನೆ ಕೆಡದಂತೆ ಒಣಗಿಸುವ ಕ್ರಮವನ್ನು ಕಲಿಸಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನವೂ ಹೊಸ ಕಾಯಿದೆಯೂ ಬೇಡ. ಮುಟ್ಟುವುದಕ್ಕೆ ಮುಂಚೆ ಇದು ಎಂಥ ವಸ್ತು, ಇದಕ್ಕೆ ಯಾವ ಕುಂಚ ಹಿತ ಎಂದು ಒಂದು ಗಳಿಗೆ ಆಲೋಚಿಸುವ ಅಭ್ಯಾಸ ಬಂದರೆ ಸಾಕು. ಆ ಅಭ್ಯಾಸವನ್ನು ಬೆಳೆಸುವ ಕೆಲಸ ಈ ಜಾತ್ರೆಯಿಂದಲೇ ಆರಂಭವಾಗಲಿ.