ಒಂದು ಕೋಣೆ ಕೊಡೋಣ

ಹೋದ ಬೇಸಿಗೆಯಲ್ಲಿ ರಾಯಚೂರಿನ ಕಾನೂನು ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, ‘ಸರ್, ದಿಲ್ಲ್ಯಾಗ ಇಂಟರ್ನ್‌ಶಿಪ್ ಸಿಕ್ಕೈತ್ರಿ, ಆದ್ರ ಇರಾಕ ಜಾಗ ಇಲ್ರಿ’ ಎಂದಳು.

ಸುಪ್ರೀಂ ಕೋರ್ಟ್ ತೀರ್ಪುಗಳು 2023ರಿಂದ ಇ-ಎಸ್‌ಸಿಆರ್‌ನಲ್ಲಿ ಉಚಿತ. ಸಂವಿಧಾನ ಸಭೆಯ ಚರ್ಚೆಗಳೂ ಆನ್‌ಲೈನ್‌ನಲ್ಲಿವೆ. ಊರಲ್ಲೇ ಕುಳಿತು ಓದಬಹುದು. ಆದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಬೇಸಿಗೆ ಇಂಟರ್ನ್‌ಶಿಪ್‌ಗೆ, ಸುಪ್ರೀಂ ಕೋರ್ಟ್ ವಕೀಲರ ಬಳಿ ಸಂಶೋಧನೆ ಕಲಿಯುವುದಕ್ಕೆ ದೆಹಲಿಗೇ ಬರಬೇಕು. ಬಾಡಿಗೆಯೇ ಅಡ್ಡಿಯಾದರೆ ಹಕ್ಕುಗಳ ಅಧ್ಯಯನ ಉಳ್ಳವರ ಮಕ್ಕಳ ಪಾಲಾಗುತ್ತದೆ.

ಆ ಹುಡುಗಿ ನಮ್ಮ ಮನೆಯಲ್ಲೇ ಒಂದು ತಿಂಗಳಿದ್ದು ಕೆಲಸ ಕಲಿತಳು.

ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂದು ಹೆಮ್ಮೆಪಡುತ್ತೇವೆ. ದೆಹಲಿ ಕನ್ನಡಿಗರೇ, ಹೆಮ್ಮೆಯ ಜೊತೆಗೆ ಖಾಲಿ ಕೋಣೆಯೊಂದನ್ನೂ ಕೊಡೋಣ.